ಕಾಣುವ ಬರಹಕ್ಕೆ ಬೀಗ

ಅಂತರಜಾಲದಲ್ಲಿ ಲೇಖನವೊಂದನ್ನು ಓದುತ್ತಿದ್ದೀರಿ. ಕಠಿಣವಾದ ಒಂದು ಪದ ಎದುರಾಗುತ್ತದೆ. ಅದರ ಅರ್ಥವನ್ನು ನಿಘಂಟಿನಲ್ಲಿ ನೋಡೋಣವೆಂದು ಮೌಸಿನಿಂದ ಗುರುತಿಸಹೊರಟರೆ ಪದವು ಕೈಗೇ ಸಿಕ್ಕದು. ಬಲಗುಂಡಿಯನ್ನೊತ್ತಿದರೆ ನಕಲು ಮಾಡಕೂಡದೆಂಬ ಎಚ್ಚರಿಕೆ ಮೂಡುತ್ತದೆ. ಇಂಥ ತಡೆಯನ್ನು ಒಡ್ಡುವವರ ಸಂಕಟವು ಸುಳ್ಳಲ್ಲ. ತಿಂಗಳುಗಟ್ಟಲೆ ಶ್ರಮಿಸಿ ಬರೆದುದನ್ನು ಇನ್ನೊಬ್ಬನು ಕ್ಷಣಾರ್ಧದಲ್ಲಿ ಎತ್ತಿಕೊಂಡು ತನ್ನದೆಂದು ಮೆರೆಸಿದರೆ ಯಾವ ಲೇಖಕನಿಗೆ ತಾನೆ ನೋವಾಗದು?

ಆದರೆ ಈ ಬೀಗವು ಎಷ್ಟು ಭದ್ರವಾದುದು? ಪುಟವನ್ನು ತೆರೆಯುವುದೆಂದರೆ ದೂರದಲ್ಲಿರುವ ಪುಸ್ತಕವನ್ನು ಕಿಟಕಿಯಿಂದ ಇಣುಕಿ ನೋಡಿದಂತೆ ಎಂದು ನಾವು ಭಾವಿಸುತ್ತೇವೆ. ನಡೆಯುವುದೇ ಬೇರೆ. ಬರಹವನ್ನು ಇರಿಸಿಕೊಂಡಿರುವ ಸರ್ವರ್ ಎಂಬ ಯಂತ್ರವು ಅದರ ಪ್ರತಿಯೊಂದನ್ನು ನಮ್ಮ ಯಂತ್ರಕ್ಕೇ ಕಳುಹಿಸಿಬಿಡುತ್ತದೆ. ಬ್ರೌಸರ್ ಆ ಪ್ರತಿಯನ್ನು ತೆರೆಯ ಮೇಲೆ ಮೂಡಿಸುತ್ತದೆ. ಅಂದರೆ, ನಾವು ಓದುವುದಕ್ಕೆ ಮೊದಲೇ ನಕಲು ಆಗಿಹೋಗಿರುತ್ತದೆ! ಬರಹದೊಡನೆ ಕೆಲವು ಸೂಚನೆಗಳೂ ಬರುತ್ತವೆ. ಅಕ್ಷರಗಳನ್ನು ಗುರುತಿಸಲು ಬಿಡಬೇಡವೆಂದು ಹೇಳಲು ಸಿಎಸ್‌ಎಸ್ ಎಂಬ ವಿನ್ಯಾಸಭಾಷೆಯ ಒಂದೇ ಸಾಲು ಸಾಕು. ಬಲಗುಂಡಿಯನ್ನು ಕಾಯುವುದು ಜಾವಾಸ್ಕ್ರಿಪ್ಟ್. ಈ ಸೂಚನೆಗಳನ್ನು ಪಾಲಿಸಬೇಕಾದುದು ಓದುಗನ ಬ್ರೌಸರ್. ಅದು ಓದುಗನ ಮಾತನ್ನೂ ಕೇಳುತ್ತದೆ. ಜಾವಾಸ್ಕ್ರಿಪ್ಟನ್ನು ಸ್ಥಗಿತಗೊಳಿಸಿದರೆ ಕಾವಲುಗಾರನು ನಿದ್ರೆಹೋಗುತ್ತಾನೆ. ಬಲ್ಲವನು ಸಿಎಸ್‌ಎಸ್‌ನ ಆ ಸಾಲನ್ನೇ ತನ್ನ ಯಂತ್ರದಲ್ಲಿ ಅಳಿಸಿಬಿಡುತ್ತಾನೆ. ಇದಾವುದನ್ನೂ ಅರಿಯದವನಿಗೆ ಕಾಗದ, ಲೇಖನಿಗಳಿದ್ದೇ ಇವೆ.

ಇಂಗ್ಲೆಂಡಿನ ಹೆರೆಫರ್ಡ್ ನಗರದ ಹಳೆಯ ಇಗರ್ಜಿಯಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಪಾಟಿಗೆ ಬಿಗಿದಿರುವ ಗ್ರಂಥಾಲಯವೊಂದು ಇಂದಿಗೂ ಇದೆ. ಆ ಸರಪಳಿಯು ಪುಸ್ತಕದ ಕಳವನ್ನು ತಡೆಯಿತೇ ಹೊರತು ಅಲ್ಲಿಯೇ ಕುಳಿತು ಬರೆದುಕೊಳ್ಳುವವನ ಕೈಯನ್ನು ಹಿಡಿಯಲಿಲ್ಲ.

ಕೆಲವರು ಬರಹವನ್ನೇ ಚಿತ್ರವಾಗಿ ಮಾರ್ಪಡಿಸಿ ಪ್ರಕಟಿಸುತ್ತಾರೆ. ಇದು ಮೊದಲಿನದಕ್ಕಿಂತ ಕೆಟ್ಟ ಉಪಾಯವೆಂದೇ ಹೇಳಬೇಕು. ಚಿತ್ರದೊಳಗಿನ ಅಕ್ಷರಗಳನ್ನು ಗುರುತಿಸಿ ಮರಳಿ ಬರಹವಾಗಿಸುವ ತಂತ್ರಾಂಶಗಳು ಕಳ್ಳನಿಗೆ ದೊರೆಯುತ್ತವೆ. ಆದರೆ ತೆರೆಯ ಮೇಲಿನ ಅಕ್ಷರಗಳನ್ನು ಯಂತ್ರದಿಂದ ಗಟ್ಟಿಯಾಗಿ ಓದಿಸಿ ಕೇಳುವ ಅಂಧರಿಗೆ ಆ ಪುಟವು ಮೂಕವಾಗುತ್ತದೆ. ನಿಜವಾಗಿ ಕಾಯಬೇಕೆನ್ನುವವರು ಹಣ ತೆತ್ತವರ ಹೊರತು ಇತರರಿಗೆ ಬರಹವನ್ನು ಕಳುಹಿಸುವುದೇ ಇಲ್ಲ.

ಹಾಗಾದರೆ ಲೇಖಕನಿಗೆ ರಕ್ಷಣೆಯಿಲ್ಲವೇ? ನಮ್ಮ ದೇಶದಲ್ಲಿ 1957ರ ಕೃತಿಸ್ವಾಮ್ಯ ಕಾಯಿದೆಯಿದೆ. ಅದು ಲೇಖಕನ ಜೀವಮಾನದುದ್ದಕ್ಕೂ, ಆತನ ಮರಣಾನಂತರ 60 ವರ್ಷಗಳವರೆಗೂ ಕೃತಿಯನ್ನು ಕಾಯುತ್ತದೆ. ತನ್ನ ಬರಹವನ್ನು ಕದ್ದು ಪ್ರಕಟಿಸಿದವನನ್ನು ಆತನು ನ್ಯಾಯಾಲಯಕ್ಕೆ ಎಳೆಯಬಹುದು. ಸ್ವಂತ ವ್ಯಾಸಂಗಕ್ಕಾಗಿಯೋ ವಿಮರ್ಶೆಗಾಗಿಯೋ ಕೃತಿಯನ್ನು ನ್ಯಾಯಸಮ್ಮತವಾಗಿ ಬಳಸಿಕೊಂಡರೆ ಅದು ಉಲ್ಲಂಘನೆಯಲ್ಲವೆಂದು ಅದೇ ಕಾಯಿದೆಯ 52ನೆಯ ಪ್ರಕರಣವು ಹೇಳುತ್ತದೆ. ನಿಘಂಟಿಗಾಗಿ ಪದವೊಂದನ್ನು ಎತ್ತಿಕೊಳ್ಳಹೊರಟ ವಿದ್ಯಾರ್ಥಿಯನ್ನು ತಡೆದು ನಿಲ್ಲಿಸುತ್ತಿರುವುದು ಕಾಯಿದೆಯಲ್ಲ, ಸಿಎಸ್‌ಎಸ್‌ನ ಆ ಒಂದು ಸಾಲು.