ಸಭೆಗೆ ಕೊಚ್ಚಿಯೋ, ತಿರುವನಂತಪುರವೋ?

ಪ್ರಶ್ನೆ: ನಮ್ಮ ಸಂಘದ ಸಭೆ ಕೇರಳದ ಕರಾವಳಿಯಲ್ಲಿ. ಆಫ್ರಿಕನ್ನರ ಕುರುಹು ನೋಡಲು ಯಾವ ಊರು ಸೂಕ್ತ?

ಉತ್ತರ: ಕೊಚ್ಚಿಯೇ. ಪೋರ್ಚುಗೀಸರು ತಂದ ಆಫ್ರಿಕನ್ ಗುಲಾಮರ ನೆನಪಿಗೆ ಅಲ್ಲಿ ಇಂದಿಗೂ ಪೂಜೆ ಸಲ್ಲುತ್ತದೆ. 1663ರಲ್ಲಿ ಡಚ್ಚರು ಕೊಚ್ಚಿಯನ್ನು ಗೆದ್ದಾಗ, ಊರು ಬಿಡುವ ಒಡೆಯರು ನಿಧಿಯ ಕಾವಲಿಗೆಂದು ಗುಲಾಮರನ್ನು ಕೊಂದು ಹೂತರಂತೆ. ಹಾಗೆ ಸತ್ತವನೇ ಮಟ್ಟಾಂಚೇರಿಯ ಕಾಪ್ಪಿರಿ ಮುತ್ತಪ್ಪನ್. ಅವನಿಗೆ ಚುಟ್ಟಾ, ಸೇಂದಿಯ ಹರಕೆ. ತುಳುನಾಡಿನ ದೈವ ಕೊರಗಜ್ಜನಿಗೆ ಕಳ್ಳು, ವೀಳ್ಯ ಒಪ್ಪಿಸುವ ನಮ್ಮ ಕರಾವಳಿಯವರಿಗೆ ಇದೇನೂ ಹೊಸತಲ್ಲ. ಬರೀ ಐತಿಹ್ಯ ನಂಬಿ ಸಭೆ ಇಡುವುದೇ ಎಂದು ಸದಸ್ಯರು ಕೇಳಬಹುದು. ನಿಧಿಯ ಕಥೆಯನ್ನು ನಂಬಬೇಕಿಲ್ಲ. ಗುಲಾಮರ ವ್ಯಾಪಾರವಂತೂ ಇತಿಹಾಸ, ಅದನ್ನು ಊರು ಮರೆಯದಿರುವುದೇ ನೋಡತಕ್ಕದ್ದು. ಮುತ್ತಪ್ಪನ್‌ನ ಗುಡಿ ಪುಟ್ಟದು, ಬೀದಿಬದಿಯದು ಎಂಬ ಆಕ್ಷೇಪ ಮಾತ್ರ ನಿಜ. ಆದ್ದರಿಂದ ಸಭೆ ಕೊಚ್ಚಿಯ ಎರ್ನಾಕುಳಂ ಭಾಗದಲ್ಲಿರಲಿ. ಹೈಕೋರ್ಟ್ ಜೆಟ್ಟಿಯಿಂದ ವಾಟರ್ ಮೆಟ್ರೊದಲ್ಲಿ ಫೋರ್ಟ್ ಕೊಚ್ಚಿಗೆ, ಅಲ್ಲಿಂದ ಮಟ್ಟಾಂಚೇರಿಯ ಗುಡಿಗೆ ಸಣ್ಣ ತಂಡಗಳಾಗಿ ಹೋಗಿ.

ತಿರುವನಂತಪುರದ ವಾದವೂ ಹಗುರವಲ್ಲ. 1893ರಲ್ಲಿ ದಲಿತರಿಗೆ ನಿಷಿದ್ಧವಾಗಿದ್ದ ದಾರಿಯಲ್ಲಿ ಎತ್ತಿನ ಬಂಡಿ ಓಡಿಸಿದ ಅಯ್ಯಂಕಾಳಿಯ ಹೆಸರನ್ನು ಅಲ್ಲಿನ ಹಳೆಯ ವಿಜೆಟಿ (ವಿಕ್ಟೋರಿಯಾ ಜುಬಿಲಿ ಟೌನ್) ಸಭಾಂಗಣಕ್ಕೆ 2019ರಲ್ಲಿ ಇಟ್ಟರು. ಆದರೆ ಅದು ಜಾತಿವಿರೋಧದ ಚರಿತ್ರೆ, ಆಫ್ರಿಕಾದ್ದಲ್ಲ. ಮುಂದಿನ ವರ್ಷದ ಸಭೆಯನ್ನು ಅಲ್ಲಿಗೆ ಕಾದಿರಿಸಿ.