ಬೇಗೂರಿನ ಕಲ್ಲುಗಳು ಹೇಳುವ ಚರಿತ್ರೆ

ಈಜಿಪ್ಟಿಗೆ ಹೋದ ಪ್ರವಾಸಿಗಳು ಅಸ್ವಾನ್ ಪಟ್ಟಣದಿಂದ ನಸುಕಿನಲ್ಲೇ ಹೊರಟು, ಅಬು ಸಿಂಬೆಲ್ ದೇವಾಲಯವನ್ನು ನೋಡಿಕೊಂಡು ಅದೇ ದಿನ ಹಿಂದಿರುಗುವುದುಂಟು. ಅಲ್ಲಿನ ಗೋಡೆಯ ಮೇಲೆ ಎರಡನೆಯ ರಾಮ್ಸೆಸ್ ದೊರೆ ರಥವೇರಿ ಶತ್ರುಗಳನ್ನು ಅಟ್ಟುತ್ತಿದ್ದಾನೆ. ಅದು ಕ್ರಿ.ಪೂ. 1274ರ ಸುಮಾರಿಗೆ ನಡೆದ ಕಾದೇಶ್ ಯುದ್ಧದ ಚಿತ್ರ. ನಿಜವಾಗಿ ಆ ಯುದ್ಧದಲ್ಲಿ ಯಾರೂ ಪೂರ್ತಿ ಗೆಲ್ಲಲಿಲ್ಲ ಎನ್ನುತ್ತಾರೆ ಇತಿಹಾಸಕಾರರು. ಈಜಿಪ್ಟಿನ ಚಿತ್ರಲಿಪಿಯನ್ನೂ ಎದುರಾಳಿ ಹಿಟ್ಟೈಟರ ಮಣ್ಣಿನ ಫಲಕಗಳನ್ನೂ ಓದಲು ಕಲಿತ ಮೇಲೆಯೇ ಇದು ತಿಳಿದುಬಂತು. ಹಳೆಯ ದೇವಾಲಯವನ್ನು ನೋಡಿದರಷ್ಟೇ ಸಾಲದು, ಓದಬೇಕು ಎಂಬುದಕ್ಕೆ ಇದೊಂದು ನಿದರ್ಶನ.

ವಿದ್ಯಾರ್ಥಿ ಮಿತ್ರರೇ, ಹೀಗೆ ಓದಲು ನೀವು ನೈಲ್ ನದಿಯವರೆಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರದಲ್ಲೇ, ಹೊಸೂರು ರಸ್ತೆಯಿಂದ ಒಳಕ್ಕೆ ಬೇಗೂರು ಇದೆ. ಅಲ್ಲಿನ ನಾಗೇಶ್ವರ ದೇವಾಲಯ ಐದು ಗುಡಿಗಳ ಸಮೂಹ. ಇವುಗಳಲ್ಲಿ ಎರಡು ಗಂಗರ ಕಾಲದವು; ಉಳಿದವು ಅನಂತರ ಚೋಳರ ಕಾಲದಲ್ಲಿ ಸೇರಿದವು. ಒಳಗೆ ಹೋದಾಗ ತಲೆಯೆತ್ತಿ ಛಾವಣಿಯನ್ನು ನೋಡಿ. ನಡುವೆ ಉಮಾಮಹೇಶ್ವರ, ಸುತ್ತಲೂ ಅಷ್ಟದಿಕ್ಪಾಲಕರು ಕಾಣುತ್ತಾರೆ.

ಆವರಣದಲ್ಲಿರುವ ಒಂದು ಶಾಸನ ಚಿಕ್ಕದಾದರೂ ಮಹತ್ವದ್ದು. ಗಂಗರ ಅಧಿಕಾರಿ ನಾಗತ್ತರನ ಕಡೆಯವರು ಬೆಂಗಳೂರು ಕಾಳಗದಲ್ಲಿ ಮಡಿದರು ಎಂದು ಅದು ತಿಳಿಸುತ್ತದೆ. ಕಾಲ ಸುಮಾರು ಕ್ರಿ.ಶ. 890. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೇಯಿಸಿದ ಕಾಳು ಕೊಟ್ಟದ್ದರಿಂದ ಊರಿಗೆ ‘ಬೆಂದಕಾಳೂರು’ ಎಂಬ ಹೆಸರು ಬಂತೆಂಬ ಕಥೆಯನ್ನು ನೀವು ಕೇಳಿದ್ದೀರಿ. ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಕೆಂಪೇಗೌಡರು ನಗರ ಕಟ್ಟಿದ್ದು 1537ರಲ್ಲಿ. ಹಾಗಾದರೆ ಈ ಹೆಸರು ಇಬ್ಬರಿಗಿಂತಲೂ ಹಳೆಯದು! ಕಥೆ ಸೊಗಸಾಗಿದೆ, ಆದರೆ ಕಲ್ಲಿನ ಸಾಕ್ಷ್ಯ ಅದನ್ನು ಒಪ್ಪುವುದಿಲ್ಲ.

ಬೇಗೂರಿನ ಇನ್ನೊಂದು ದೊಡ್ಡ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಆನೆ, ಕುದುರೆ, ಕಾಲಾಳುಗಳಿಂದ ಕಿಕ್ಕಿರಿದ ರಣರಂಗವೇ ಅದರ ಮೇಲಿದೆ. ಎರೆಯಪ್ಪನ ಅಪ್ಪಣೆಯಂತೆ ನಾಗತ್ತರ ಅಯ್ಯಪದೇವನ ನೆರವಿಗೆ ಹೋಗಿ, ವೀರಮಹೇಂದ್ರನ ಸೈನ್ಯದೊಡನೆ ತುಂಬೇಪಾಡಿಯಲ್ಲಿ ಕಾದಿ ಮಡಿದನೆಂದು ಶಾಸನ ಹೇಳುತ್ತದೆ. ಬಳಿಕ ಅವನ ಪದವಿಯನ್ನೂ ‘ಬೆಂಪೂರು ಹನ್ನೆರಡು’ ಎಂಬ ಹಳ್ಳಿಗಳನ್ನೂ ಇರುಗನೆಂಬುವನಿಗೆ ಕೊಡಲಾಯಿತು. ಬೆಂಪೂರು ಎಂದರೆ ಇಂದಿನ ಬೇಗೂರೇ. ರಾಮ್ಸೆಸ್‌ನ ಗೋಡೆ ದೊರೆಯ ಗೆಲುವನ್ನು ಹೊಗಳಿದರೆ, ಇಲ್ಲಿನ ಕಲ್ಲು ಸತ್ತವನ ಹೆಸರನ್ನು ಉಳಿಸಿದೆ. ಜೊತೆಗೆ, ಸಾವಿನ ನಂತರ ಭೂಮಿ ಯಾರ ಕೈ ಸೇರಿತು ಎಂಬ ಲೆಕ್ಕವನ್ನೂ ಇಟ್ಟಿದೆ.

ಆದ್ದರಿಂದ ಯಾವ ಶಾಸನದ ಮುಂದೆ ನಿಂತರೂ ಮೂರು ಪ್ರಶ್ನೆ ಕೇಳಿ: ಇದನ್ನು ನಿಲ್ಲಿಸಿದವರು ಯಾರು? ಯಾರ ನೆನಪಿಗಾಗಿ? ಇದರಿಂದ ಯಾರಿಗೆ ಏನು ಸಿಕ್ಕಿತು? ಮಾರ್ಗದರ್ಶಕರು ಹೇಳುವ ಮಾತನ್ನೂ ಇದೇ ಪ್ರಶ್ನೆಗಳಿಂದ ಪರೀಕ್ಷಿಸಬಹುದು. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳಿವೆ. ಹೊರಡುವ ಮೊದಲು ಗ್ರಂಥಾಲಯದಲ್ಲಿ ಅದನ್ನು ತಿರುವಿ ಹಾಕಿ.

ಆ ಸಂಪುಟದಲ್ಲಿ ದಾಖಲಾದ ಎಷ್ಟೋ ಕಲ್ಲುಗಳು ಇಂದು ಜಾಗದಲ್ಲಿಲ್ಲ. ರಸ್ತೆ, ಬಡಾವಣೆ, ಕಟ್ಟಡಗಳ ಅಡಿ ಅವು ಮರೆಯಾಗಿವೆ. ಅಸ್ವಾನ್ ಅಣೆಕಟ್ಟಿನ ನೀರಿನಲ್ಲಿ ಮುಳುಗಲಿದ್ದ ಅಬು ಸಿಂಬೆಲನ್ನು 1964ರಿಂದ 1968ರವರೆಗೆ ತುಂಡು ತುಂಡಾಗಿ ಕತ್ತರಿಸಿ ಎತ್ತರದಲ್ಲಿ ಮರಳಿ ಜೋಡಿಸಲು ಅನೇಕ ದೇಶಗಳು ಕೈಗೂಡಿಸಿದವು. ನಮ್ಮ ಕಲ್ಲಿಗೆ ಅಷ್ಟು ಬೇಕಿಲ್ಲ. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ, ಕ್ರಿ.ಶ. 750ರ ಸುಮಾರಿನ ಕಿತ್ತಯ್ಯನ ಶಾಸನವನ್ನು ಉಳಿಸಿದವರು ಆಸಕ್ತ ನಾಗರಿಕರೇ.

ಬೇಗೂರಿಗೆ ಹೋದಾಗ ಅಕ್ಷರಗಳ ಮೇಲೆ ಸೀಮೆಸುಣ್ಣ, ಎಣ್ಣೆ, ಬಣ್ಣ ಹಚ್ಚಬೇಡಿ. ಅನುಮತಿ ಪಡೆದು ಛಾಯಾಚಿತ್ರ ತೆಗೆಯಿರಿ; ಕಲ್ಲು ಇರುವ ಜಾಗ ಮತ್ತು ಸ್ಥಿತಿಯನ್ನು ಬರೆದಿಡಿ. ನಿಮ್ಮ ಊರಿನ ಹೊಲದಂಚಿನಲ್ಲೋ ಕೆರೆಯ ಏರಿಯ ಮೇಲೋ ಅಕ್ಷರವಿರುವ ಕಲ್ಲು ಕಂಡರೆ ಅಧ್ಯಾಪಕರಿಗೂ ಪುರಾತತ್ವ ಇಲಾಖೆಗೂ ತಿಳಿಸಿ. ಅದರಲ್ಲಿ ನಿಮ್ಮ ಊರಿನ ಹೆಸರೇ ಇರಬಹುದು.