ನಾಲೆ ನೀರಿನ ಜಮಾ–ಖರ್ಚು

ಸಾರ್ವಜನಿಕ ಯೋಜನೆಗೆ ಹಣ ಹಾಕುವ ಮೊದಲು ಅದರಿಂದ ಬರುವುದೆಷ್ಟು, ಹೋಗುವುದೆಷ್ಟು ಎಂದು ರೂಪಾಯಿಯಲ್ಲಿ ತೂಗುವುದೇ ಲಾಭ–ವೆಚ್ಚ ವಿಶ್ಲೇಷಣೆ. ಮಂಡ್ಯ ಸೀಮೆಯಲ್ಲಿ ಈ ಲೆಕ್ಕದ ತಕರಾರು ಕನ್ನಂಬಾಡಿ ಕಟ್ಟೆಯಷ್ಟೇ ಹಳೆಯದು. ಆ ಕಟ್ಟೆ ಕಟ್ಟುವ ವಿಶ್ವೇಶ್ವರಯ್ಯನವರ ಯೋಜನೆಗೆ ಮೈಸೂರು ಸಂಸ್ಥಾನದ ಹಣಕಾಸು ಇಲಾಖೆಯೇ ಅಡ್ಡ ನಿಂತಿತು: ಅದರಿಂದ ಸಿಗುವ ಅಷ್ಟೊಂದು ವಿದ್ಯುತ್ತನ್ನು ಕೊಳ್ಳುವವರು ಯಾರು? ಉತ್ತರ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿತ್ತು. 1902ರಿಂದ ಅಲ್ಲಿನ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲೂ ಕಟ್ಟೆಯಿಂದ ಹೊಳೆಗೆ ನೀರು ಬಿಟ್ಟರೆ ಅಲ್ಲಿ ವಿದ್ಯುತ್ ನಿಲ್ಲದು, ಗಣಿಯವರ ದುಡ್ಡು ಖಾತ್ರಿ. 1911ರ ಅಕ್ಟೋಬರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಒಪ್ಪಿದರು. 81 ಲಕ್ಷ ರೂಪಾಯಿ ಮಂಜೂರಾಯಿತು.

ಅದು ಬೊಕ್ಕಸದ ಲೆಕ್ಕ. ಹುಲಿಕೆರೆ ಸುರಂಗ ದಾಟಿದ ಇರ್ವಿನ್ ನಾಲೆ (ಇಂದಿನ ವಿಶ್ವೇಶ್ವರಯ್ಯ ನಾಲೆ) 1930ರ ದಶಕದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ಹರಿದ ಮೇಲೆ ರಾಗಿ ಹೊಲಗಳು ಗದ್ದೆಗಳಾದವು, ಕಬ್ಬು ಬಂತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯೂ ಹುಟ್ಟಿತು. ನಾಲೆಯ ಬೆನ್ನಿಗೇ ಮಲೇರಿಯಾವೂ ಬಂತು. ಕಟ್ಟೆಯ ಹಿನ್ನೀರಿನಲ್ಲಿ ಸಾವಿರಾರು ಜನ ಮನೆ ಕಳೆದುಕೊಂಡಿದ್ದರು. ಕಂದಾಯದ ಪುಸ್ತಕದಲ್ಲಿ ಇವಕ್ಕೆಲ್ಲ ಕಾಲಂ ಇರಲಿಲ್ಲ.

ಲಾಭ ಯಾರಿಗೇ ಸೇರಲಿ, ಅದು ಖರ್ಚನ್ನು ಮೀರಬೇಕು ಎಂಬ ನಿಯಮವನ್ನು 1936ರಲ್ಲಿ ಅಮೆರಿಕದ ಪ್ರವಾಹ ನಿಯಂತ್ರಣ ಕಾಯ್ದೆ ತಂದಿತು. ಭಾರತದಲ್ಲಿ ಮಾತ್ರ ನೀರಾವರಿ ಕಾಮಗಾರಿ ಹೂಡಿಕೆಯ ಮೇಲೆ ಬಡ್ಡಿ ದುಡಿಯಬೇಕೆಂಬ ಹಳೆಯ ಪದ್ಧತಿಯೇ ಬಹುಕಾಲ ಉಳಿಯಿತು. ಅದನ್ನು ಬದಲಿಸಲು ಸೂಚಿಸಿದ 1964ರ ಸಮಿತಿಯ ಅಧ್ಯಕ್ಷರು, ಆಗ ಮೈಸೂರಿನ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪ. ಹೊಸ ಪದ್ಧತಿಯಲ್ಲಿ ಕಬ್ಬಿನ ಪೂರ್ತಿ ಬೆಲೆ ಲಾಭವಲ್ಲ. ಬೀಜ, ಗೊಬ್ಬರ, ಕೂಲಿ ಕಳೆಯಬೇಕು. ಅದೇ ಹೊಲದಲ್ಲಿ ಮೊದಲು ಬರುತ್ತಿದ್ದ ರಾಗಿಯ ನಿವ್ವಳ ಆದಾಯವನ್ನೂ ಕಳೆಯಬೇಕು. ಉಳಿದದ್ದನ್ನು ಬಡ್ಡಿ, ಸವಕಳಿ, ನಿರ್ವಹಣೆಯ ವಾರ್ಷಿಕ ವೆಚ್ಚದಿಂದ ಭಾಗಿಸಬೇಕು; ಅದೇ ಲಾಭ–ವೆಚ್ಚ ಅನುಪಾತ.

ಈ ಸೂತ್ರಕ್ಕೂ ಸಿಗದ ಲಾಭವೊಂದು ಮಂಡ್ಯದಲ್ಲೇ ದಾಖಲಾಗಿದೆ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ 1954–56ರಲ್ಲಿ ಇಲ್ಲಿನ ಎರಡು ಹಳ್ಳಿಗಳನ್ನು ಅಭ್ಯಸಿಸಿ, ವಂಗಲ, ದಲೇನ ಎಂದು ಹೆಸರು ಬದಲಿಸಿ ಬರೆದರು. ವಂಗಲಕ್ಕೆ ನಾಲೆ ನೀರು ಸಿಕ್ಕಿತು: ಕಬ್ಬಿನ ದುಡ್ಡು ಬಂತು, ಒಕ್ಕಲಿಗರಿಗೂ ಆಳುಗಳಿಗೂ ಇದ್ದ ಹಳೆಯ ಕಟ್ಟು ಹೆಚ್ಚು ಸಡಿಲಲಿಲ್ಲ. ದಲೇನ ಎತ್ತರದಲ್ಲಿತ್ತು, ನೀರು ಹತ್ತಲಿಲ್ಲ. ಅಲ್ಲಿಯವರು ಮಂಡ್ಯದಲ್ಲಿ ಕೆಲಸ ಹಿಡಿದರು, ಹಿಟ್ಟಿನ ಗಿರಣಿ ಹಾಕಿದರು, ಬೇರೆ ಊರಲ್ಲಿ ನೀರಾವರಿ ಜಮೀನು ಕೊಂಡರು. ಊರಿನ ಕಟ್ಟಳೆಗಳೂ ಅಲ್ಲೇ ಹೆಚ್ಚು ಬದಲಾದವು. ನೀರುಂಡ ಎಕರೆಗಳನ್ನಷ್ಟೇ ಎಣಿಸುವ ಲೆಕ್ಕದಲ್ಲಿ ದಲೇನದ ಪಾಲು ಸೊನ್ನೆ.

ಆ ಸೂತ್ರವೂ ಪ್ರಶ್ನೆಗೊಳಗಾಯಿತು: 1983ರಲ್ಲಿ ನಿತಿನ್ ದೇಸಾಯಿ ಸಮಿತಿ ಲಾಭ–ವೆಚ್ಚ ಅನುಪಾತದ ಬದಲು ಹೂಡಿಕೆಯ ಆಂತರಿಕ ಪ್ರತಿಫಲ ದರವನ್ನು (ಲಾಭ, ವೆಚ್ಚ ಎರಡರ ಇಂದಿನ ಮೌಲ್ಯ ಸರಿಸಮವಾಗುವ ಬಡ್ಡಿ ದರ) ನೋಡಬೇಕು, ಅದು ಕನಿಷ್ಠ ಶೇ 9 ಇರಬೇಕು ಎಂದಿತು.